‘ನಡತೆ ಸರಿಯಿಲ್ಲ’ ಎಂದು ಬರೆಸಿದರೆ ಬೇಗ ಬಿಡುಗಡೆಯೇ?

ನಮ್ಮ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೀಮೆಯಲ್ಲಿ ಒಂದು ಮಾತು ಬಹಳ ಕಾಲದಿಂದ ಓಡಾಡುತ್ತಿದೆ. ಗಂಡ ಹೆಂಡಿರ ನಡುವೆ ಹೊಂದಾಣಿಕೆ ಕೆಟ್ಟು, ವಿಷಯ ಕೋರ್ಟಿನ ಮೆಟ್ಟಿಲವರೆಗೆ ಬಂತು ಅನ್ನಿ. ಬಸ್ ಸ್ಟ್ಯಾಂಡಿನ ಹೋಟೆಲಿನಲ್ಲೋ ಅರಳಿಕಟ್ಟೆಯ ಮೇಲೋ ಕುಳಿತ ಯಾರೋ ಒಬ್ಬರು ಸಲಹೆ ಕೊಟ್ಟೇ ಬಿಡುತ್ತಾರೆ: “ನಡತೆ ಸರಿಯಿಲ್ಲ ಅಂತ ಒಂದು ಸಾಲು ಬರೆಸಿಬಿಡ್ರಿ. ಬೇಗ ಬಿಡುಗಡೆ ಆಗೋಗುತ್ತೆ.”

ಈ ಮಾತು ನಿಜವೇ? ನಾನು ವಕೀಲನಲ್ಲ. ಬಿ.ಕಾಂ. ಓದಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ದುಡಿದು ನಿವೃತ್ತನಾದವನು. ಆದರೆ ಜೀವಮಾನವೆಲ್ಲ ಕಾಗದಪತ್ರ ಓದಿದ ಅಭ್ಯಾಸವಿರುವುದರಿಂದ ಬೀದಿಯವರು, ಸುತ್ತಲ ಹಳ್ಳಿಯವರು ನೋಟಿಸು, ಅರ್ಜಿ, ಪಾಸ್‌ಬುಕ್ಕು ಹಿಡಿದುಕೊಂಡು ನನ್ನ ಬಳಿ ಬರುತ್ತಾರೆ. “ಇದರಲ್ಲಿ ಏನ್ ಬರೆದವ್ರೆ ನೋಡಿ ಹೇಳಿ ಸ್ವಾಮಿ” ಎನ್ನುತ್ತಾರೆ. ಈಚೆಗೆ ಹಾಗೆ ಬರುವವರಲ್ಲಿ ತಾತ ಅಜ್ಜಿಯರೇ ಹೆಚ್ಚು. ಮಗನ ಸಂಸಾರ ಒಡೆದಿರುತ್ತದೆ, ಇಲ್ಲವೇ ಮಗಳು ತವರಿಗೆ ಬಂದಿರುತ್ತಾಳೆ. ಅವರ ಪಂಚೆಯ ಚುಂಗನ್ನೋ ಸೆರಗನ್ನೋ ಹಿಡಿದುಕೊಂಡು ಒಂದು ಮಗು ಪಕ್ಕದಲ್ಲಿ ನಿಂತಿರುತ್ತದೆ. ನಾನು ನೋಟಿಸು ಓದುವಾಗ ದೊಡ್ಡವರಿಗಿಂತ ಆ ಮಗುವೇ ಹೆಚ್ಚು ಗಮನವಿಟ್ಟು ಕೇಳಿಸಿಕೊಳ್ಳುತ್ತದೆ.

ಮಕ್ಕಳ ಪತ್ರಿಕೆಯಲ್ಲಿ ಇಂಥ ವಿಷಯವೇ ಎಂದು ಕೆಲವು ಹಿರಿಯರಿಗೆ ಅನ್ನಿಸಬಹುದು. ಆದರೆ ನಮ್ಮ ಶಾಲೆಗಳಲ್ಲಿ ಓದುತ್ತಿರುವ ಕೆಲವು ಮಕ್ಕಳು ಈ ವಿಷಯದ ನಡುವೆಯೇ ಬದುಕುತ್ತಿದ್ದಾರೆ. ಅವರ ಪಕ್ಕದ ಬೆಂಚಿನಲ್ಲಿ ಕೂರುವ ಗೆಳೆಯರಿಗೂ ಇದು ಸ್ವಲ್ಪ ತಿಳಿದಿರಲಿ. ಅರ್ಧ ಗೊತ್ತಿದ್ದು ಹೆದರುವುದಕ್ಕಿಂತ ಪೂರ್ತಿ ತಿಳಿದುಕೊಳ್ಳುವುದು ಮೇಲು.

ಗಡಿಯ ಆಚೆ ಇತ್ತು, ಈಚೆ ಇರಲಿಲ್ಲ

ಮೊದಲು ಸ್ವಲ್ಪ ಚರಿತ್ರೆ. ಪಾವಗಡದ ನಕ್ಷೆ ನೋಡಿದವರಿಗೆ ಗೊತ್ತು, ಅದರ ಸುತ್ತ ಬಹುಪಾಲು ಆಂಧ್ರವೇ. ಮಡಕಶಿರಾ, ಹಿಂದೂಪುರದ ಕಡೆಗೆ ಹೆಣ್ಣು ಕೊಡುವುದು, ಅಲ್ಲಿಂದ ತರುವುದು ಇಲ್ಲಿ ಹಿಂದಿನಿಂದಲೂ ನಡೆದುಬಂದಿದೆ. ಒಂದು ಕಾಲಕ್ಕೆ ಪಾವಗಡ ಮೈಸೂರು ಸಂಸ್ಥಾನದಲ್ಲಿತ್ತು. ಮಡಕಶಿರಾ, ಹಿಂದೂಪುರಗಳು ಅನಂತಪುರ ಜಿಲ್ಲೆಗೆ, ಅಂದರೆ ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ್ದವು.

ಮುಂಬಯಿ ಪ್ರಾಂತ್ಯದಲ್ಲಿ 1947ರಲ್ಲಿ, ಮದ್ರಾಸ್ ಪ್ರಾಂತ್ಯದಲ್ಲಿ 1949ರಲ್ಲಿ ಹಿಂದೂಗಳ ವಿಚ್ಛೇದನಕ್ಕೆ ಕಾಯ್ದೆ ಬಂತು. ಧಾರವಾಡ, ಬೆಳಗಾವಿ, ವಿಜಾಪುರದ ಕಡೆಯವರಿಗೆ ಮುಂಬಯಿ ಕಾಯ್ದೆ ಅನ್ವಯಿಸಿತು. ದೇಶಕ್ಕೆಲ್ಲ ಒಂದೇ ಆದ ಹಿಂದೂ ವಿವಾಹ ಕಾಯ್ದೆ ಜಾರಿಗೆ ಬಂದದ್ದು 1955ರ ಮೇ 18ರಂದು. ಅದು ಹಳೆಯ ಪ್ರಾಂತೀಯ ಕಾಯ್ದೆಗಳನ್ನು ರದ್ದು ಮಾಡಿತು. ರದ್ದಾದವುಗಳ ಪಟ್ಟಿಯಲ್ಲಿ ಮುಂಬಯಿ, ಮದ್ರಾಸ್, ಸೌರಾಷ್ಟ್ರದ ಹೆಸರಿವೆ, ಮೈಸೂರಿನದಿಲ್ಲ. ಹೀಗಾಗಿ ಕೆಲವು ವರ್ಷ, ಮಡಕಶಿರಾದಲ್ಲಿ ಸಂಸಾರ ಮಾಡುತ್ತಿದ್ದ ಅಕ್ಕನಿಗೆ ಇದ್ದ ಕಾಯ್ದೆಯ ದಾರಿ ಪಾವಗಡದಲ್ಲಿದ್ದ ತಂಗಿಗೆ ಇರಲಿಲ್ಲ. ನಡುವೆ ಇದ್ದದ್ದು ಕೆಲವು ಮೈಲಿ ದಾರಿ, ಒಂದು ಗಡಿಕಲ್ಲು.

ಹಾಗೆಂದು ನಮ್ಮ ಕಡೆ ಬಿಡುಗಡೆಯೇ ಇರಲಿಲ್ಲ ಎಂದಲ್ಲ. ಹಲವು ಸಮುದಾಯಗಳಲ್ಲಿ ಕುಲದ ಹಿರಿಯರ ಮುಂದೆ ಬಿಡುಗಡೆ ಪಡೆದು ಮತ್ತೆ ‘ಕೂಡಿಕೆ’ ಮಾಡಿಕೊಳ್ಳುವ ರೂಢಿ ಇತ್ತು. 1955ರ ಕಾಯ್ದೆಯೂ ಅಂಥ ರೂಢಿಗಳನ್ನು ಒರೆಸಿಹಾಕಲಿಲ್ಲ. ಆ ಮಾತಿಗೆ ಮುಂದೆ ಬರುತ್ತೇನೆ.

ಕಾಯ್ದೆ ಒಪ್ಪುವ ಕಾರಣಗಳು

ಬೇಸರವಾಯಿತು, ಅಡುಗೆ ರುಚಿಸಲಿಲ್ಲ, ಅತ್ತೆಮನೆ ದೂರವಾಯಿತು ಎಂದೆಲ್ಲ ವಿಚ್ಛೇದನ ಕೇಳಲು ಬರುವುದಿಲ್ಲ. ಹಿಂದೂ ವಿವಾಹ ಕಾಯ್ದೆಯ 13ನೇ ಸೆಕ್ಷನ್ ಕಾರಣಗಳನ್ನು ಪಟ್ಟಿ ಮಾಡಿದೆ. ಗಂಡ ಹೆಂಡತಿ ಇಬ್ಬರಿಗೂ ಸಮನಾಗಿ ಅನ್ವಯಿಸುವವು ಇವು:

ಒಂದು, ಮದುವೆಯಾದ ಮೇಲೆ ಬೇರೊಬ್ಬರ ಜೊತೆ ದೈಹಿಕ ಸಂಬಂಧ ಇಟ್ಟುಕೊಳ್ಳುವುದು. ಕಾಯ್ದೆಯ ಭಾಷೆಯಲ್ಲಿ ಇದೇ ವ್ಯಭಿಚಾರ. ಎರಡು, ಕ್ರೌರ್ಯ. ಹೊಡೆಯುವುದು ಮಾತ್ರವಲ್ಲ, ಮನಸ್ಸನ್ನು ಹಿಂಸಿಸುವುದೂ ಇದರಲ್ಲಿ ಸೇರುತ್ತದೆ. ಮೂರು, ಸಕಾರಣವಿಲ್ಲದೆ ಕನಿಷ್ಠ 2 ವರ್ಷ ಬಿಟ್ಟುಹೋಗಿರುವುದು. ನಾಲ್ಕು, ಬೇರೆ ಧರ್ಮಕ್ಕೆ ಮತಾಂತರವಾಗುವುದು. ಐದು, ಜೊತೆಯಲ್ಲಿ ಬಾಳಲಾಗದಷ್ಟು ತೀವ್ರವಾದ, ವಾಸಿಯಾಗದ ಮಾನಸಿಕ ಅಸ್ವಸ್ಥತೆ. ಆರು, ಅಂಟುವ ಗುಹ್ಯರೋಗ. ಏಳು, ಸನ್ಯಾಸ. ಎಂಟು, 7 ವರ್ಷ ಬದುಕಿರುವ ಸುದ್ದಿಯೇ ಇಲ್ಲದಿರುವುದು. ಹಿಂದೆ ಕುಷ್ಠರೋಗವೂ ಈ ಪಟ್ಟಿಯಲ್ಲಿತ್ತು. ಅದು ಔಷಧದಿಂದ ವಾಸಿಯಾಗುವ ಕಾಯಿಲೆ ಎಂದು 2019ರಲ್ಲಿ ತೆಗೆದುಹಾಕಿದರು.

ಹೆಂಡತಿಗೆ ಮಾತ್ರ ಸಿಗುವ ಇನ್ನೂ ಕೆಲವು ಕಾರಣಗಳಿವೆ. ಅದರಲ್ಲೊಂದನ್ನು ಹೈಸ್ಕೂಲಿನ ಹೆಣ್ಣುಮಕ್ಕಳು ತಿಳಿದಿರಬೇಕು. 15 ವರ್ಷ ತುಂಬುವ ಮೊದಲೇ ಮದುವೆ ಮಾಡಿದ್ದರೆ, ಆ ಹುಡುಗಿ 18 ತುಂಬುವುದರೊಳಗೆ ಆ ಮದುವೆ ಬೇಡವೆಂದು ನಿರಾಕರಿಸಿ ವಿಚ್ಛೇದನ ಕೇಳಬಹುದು. ಕರ್ನಾಟಕವಂತೂ ಬಾಲ್ಯವಿವಾಹ ನಿಷೇಧ ಕಾಯ್ದೆಗೆ ತಿದ್ದುಪಡಿ ತಂದು ಇನ್ನೂ ಮುಂದೆ ಹೋಗಿದೆ. ಆ ತಿದ್ದುಪಡಿ ಬಂದ ಮೇಲೆ ನಡೆಯುವ ಬಾಲ್ಯವಿವಾಹ ನಮ್ಮ ರಾಜ್ಯದಲ್ಲಿ ಮೊದಲಿನಿಂದಲೇ ಅಸಿಂಧು. ನಿಮ್ಮ ತರಗತಿಯ ಹುಡುಗಿಗೆ ಹಾಗೆ ಮದುವೆ ಗೊತ್ತಾಗಿದೆ ಎಂದು ತಿಳಿದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಆ ಕರೆಗೆ ದುಡ್ಡಿಲ್ಲ.

ಶಿರಾದ ನಮ್ಮ ಮುಸ್ಲಿಂ ಬಂಧುಗಳಿಗೆ ಬೇರೆ ಕಾಯ್ದೆಗಳಿವೆ. 1939ರ ಕಾಯ್ದೆಯಂತೆ ಹೆಂಡತಿ ಕೋರ್ಟಿನಿಂದ ವಿಚ್ಛೇದನ ಪಡೆಯಬಹುದು. ಒಂದೇ ಉಸಿರಿನಲ್ಲಿ ಮೂರು ಸಲ ತಲಾಖ್ ಹೇಳುವುದನ್ನು 2019ರ ಕಾಯ್ದೆ ಅಪರಾಧವೆಂದಿದೆ. ಕ್ರೈಸ್ತರಿಗೆ 1869ರ ಕಾಯ್ದೆ ಇದೆ. ಅದರಲ್ಲಿ ಗಂಡನಿಗೆ ಹೆಂಡತಿಯ ವ್ಯಭಿಚಾರವೊಂದೇ ಸಾಕಾಗಿತ್ತು. ಹೆಂಡತಿ ಅದರ ಜೊತೆಗೆ ಕ್ರೌರ್ಯವನ್ನೋ ತೊರೆದುಹೋದದ್ದನ್ನೋ ಇನ್ನೊಂದನ್ನೋ ಸೇರಿಸಿ ತೋರಿಸಬೇಕಾಗಿತ್ತು. ಈ ತಾರತಮ್ಯ ಹೋಗಿದ್ದು 2001ರಲ್ಲಿ.

ಹಾಗಾದರೆ ಬೇಗ ಆಗುತ್ತದೆಯೇ?

ಈಗ ಅರಳಿಕಟ್ಟೆಯ ಮಾತಿಗೆ ಬರೋಣ. ಬ್ಯಾಂಕಿನಲ್ಲಿ ಪಿಂಚಣಿಯವರಿಗೆ ಬೇರೆ ಸಾಲು, ಚಲನ್ ಕಟ್ಟುವವರಿಗೆ ಬೇರೆ ಸಾಲು ಇರುವುದನ್ನು ನೋಡಿದ್ದೀರಿ. ವಿಚ್ಛೇದನದ ಕಾಯ್ದೆಯಲ್ಲಿ ವ್ಯಭಿಚಾರ ಎಂದು ಬರೆಸಿದವರಿಗೆ ಅಂಥ ಬೇರೆ ಸಾಲಿಲ್ಲ. ಎಲ್ಲ ಅರ್ಜಿಗಳನ್ನೂ ಆದಷ್ಟು ಬೇಗ ವಿಚಾರಿಸಬೇಕು, ಎದುರಾಳಿಗೆ ನೋಟಿಸು ತಲುಪಿದ 6 ತಿಂಗಳೊಳಗೆ ಮುಗಿಸಲು ಪ್ರಯತ್ನಿಸಬೇಕು ಎಂದು 21-ಬಿ ಸೆಕ್ಷನ್ ಹೇಳುತ್ತದೆ. ಕಾರಣ ಯಾವುದೇ ಇರಲಿ, ಮಾತು ಒಂದೇ. ಅದು ಪ್ರಯತ್ನದ ಮಾತು, ಭರವಸೆಯಲ್ಲ. ಅರಳಿಕಟ್ಟೆಯ ನಂಬಿಕೆ ಅಲ್ಲಿಂದಲೇ ಹುಟ್ಟಿತೋ ಏನೋ.

ಮದುವೆಯಾಗಿ ಒಂದು ವರ್ಷ ತುಂಬುವ ಮೊದಲು ಸಾಮಾನ್ಯವಾಗಿ ಅರ್ಜಿಯನ್ನೇ ಹಾಕುವಂತಿಲ್ಲ. ತೀರ ಅಸಾಧಾರಣ ಕಷ್ಟವೋ ಎದುರಿನವರ ಅಸಾಧಾರಣ ದುರ್ನಡತೆಯೋ ಇದ್ದರೆ ಮಾತ್ರ ಕೋರ್ಟು ಅನುಮತಿ ಕೊಡಬಹುದು. ನಡತೆಯ ಆರೋಪ ಹೊರಿಸಿದ ಮಾತ್ರಕ್ಕೆ ಆ ಬಾಗಿಲು ತಾನಾಗಿ ತೆರೆಯುವುದಿಲ್ಲ.

ನಿಜಕ್ಕೂ ಈ ಆರೋಪ ಬಂದರೆ ಮೊಕದ್ದಮೆ ಉದ್ದವಾಗುವುದೇ ಹೆಚ್ಚು. ಯಾಕೆ ಎಂದು ಲೆಕ್ಕ ಹಾಕಿ ನೋಡಿ. ಮೊದಲನೆಯದಾಗಿ, ಹೇಳಿದವರೇ ಸಾಬೀತು ಮಾಡಬೇಕು. ಇಂಥ ಸಂಗತಿಗೆ ಕಣ್ಣಾರೆ ಕಂಡ ಸಾಕ್ಷಿ ಸಿಗುವುದು ಅಪರೂಪ. ಲಾಡ್ಜಿನ ರಿಜಿಸ್ಟರು, ಫೋನಿನ ಸಂದೇಶ, ಅಕ್ಕಪಕ್ಕದವರ ಹೇಳಿಕೆ, ಹೀಗೆ ಒಂದೊಂದನ್ನೇ ಪೋಣಿಸಬೇಕು. ಪ್ರತಿ ಸಾಕ್ಷಿಗೂ ಎದುರು ವಕೀಲರ ಪಾಟಿಸವಾಲು ಇರುತ್ತದೆ. ಎರಡನೆಯದಾಗಿ, ಆರೋಪದಲ್ಲಿ ಬರುವ ಮೂರನೆಯ ವ್ಯಕ್ತಿಯನ್ನೂ ಸಾಮಾನ್ಯವಾಗಿ ಪ್ರತಿವಾದಿಯಾಗಿ ಸೇರಿಸಬೇಕಾಗುತ್ತದೆ. ಆತನಿಗೋ ಆಕೆಗೋ ನೋಟಿಸು, ವಕೀಲರು, ವಾಯಿದೆ ಎಲ್ಲ ಹೊಸದಾಗಿ ಶುರು. ಮೂರನೆಯದಾಗಿ, ಹೆಸರು ಕೆಡುವ ಭಯದಿಂದ ಎದುರಿನವರು ಕೊನೆಯವರೆಗೂ ಹೋರಾಡುತ್ತಾರೆ. ಬಿಟ್ಟುಹೋಗಲು ಮನಸ್ಸಿದ್ದವರು ಕೂಡ ಈ ಮಾತು ಹೊತ್ತುಕೊಂಡು ಹೋಗಲು ಒಪ್ಪುವುದಿಲ್ಲ.

2022ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟಿನ ಮುಂದೆ ಇಂಥದ್ದೇ ಒಂದು ಪ್ರಶ್ನೆ ಬಂತು. ಹೆಂಡತಿಗೆ ಬೇರೊಬ್ಬನ ಸಂಬಂಧವಿದೆ ಎಂದು ತೋರಿಸಲು ಆ ಮೂರನೆಯ ವ್ಯಕ್ತಿಯ ಮೊಬೈಲು ಯಾವ ಟವರಿನ ವ್ಯಾಪ್ತಿಯಲ್ಲಿತ್ತು ಎಂಬ ವಿವರವನ್ನು ಗಂಡ ಕೇಳಿದ್ದ. ಕೆಳಗಿನ ಕೋರ್ಟು ಒಪ್ಪಿತ್ತು. ಹೈಕೋರ್ಟು ಅದನ್ನು ರದ್ದುಪಡಿಸಿತು. ಗಂಡ ಹೆಂಡಿರ ಜಗಳದಲ್ಲಿ ಹೊರಗಿನವನ ಖಾಸಗಿತನವನ್ನು ಮುರಿಯುವಂತಿಲ್ಲ ಎಂಬುದು ಅದರ ಸಾರ. ಇತ್ತ 2025ರ ಜುಲೈನಲ್ಲಿ ಸುಪ್ರೀಂ ಕೋರ್ಟು, ಗಂಡ ಹೆಂಡತಿ ತಮ್ಮಿಬ್ಬರ ನಡುವಿನ ಮಾತನ್ನು ಗುಟ್ಟಾಗಿ ರೆಕಾರ್ಡ್ ಮಾಡಿಕೊಂಡಿದ್ದರೂ ವಿಚ್ಛೇದನದ ಮೊಕದ್ದಮೆಯಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದಿತು. ಹೀಗೆ ಯಾವ ಸಾಕ್ಷ್ಯ ನಿಲ್ಲುತ್ತದೆ, ಯಾವುದು ನಿಲ್ಲುವುದಿಲ್ಲ ಎಂಬ ವಾದದಲ್ಲಿಯೇ ವರ್ಷಗಳು ಉರುಳುತ್ತವೆ.

“ಇಬ್ಬರೂ ಮಾತಾಡಿಕೊಂಡು, ಒಬ್ಬರು ತಪ್ಪು ಒಪ್ಪಿಕೊಂಡುಬಿಟ್ಟರೆ?” ಎಂದು ಒಬ್ಬ ಯಜಮಾನರು ನನ್ನನ್ನು ಕೇಳಿದ್ದರು. ಅದಕ್ಕೂ ಕಾಯ್ದೆ ಬೇಲಿ ಹಾಕಿದೆ. ಗಂಡ ಹೆಂಡತಿ ಒಳಒಪ್ಪಂದ ಮಾಡಿಕೊಂಡು ನಾಟಕ ಹೂಡಿದ್ದಾರೆ ಎಂದು ಕಂಡರೆ ಕೋರ್ಟು ಡಿಕ್ರಿ ಕೊಡುವುದಿಲ್ಲ. ಗೊತ್ತಿದ್ದೂ ಕ್ಷಮಿಸಿ ಮತ್ತೆ ಕೂಡಿ ಬಾಳಿದ್ದರೆ ಆ ಹಳೆಯ ತಪ್ಪನ್ನು ಕಾರಣವಾಗಿ ಎತ್ತುವುದೂ ಕಷ್ಟ.

ಇನ್ನೊಂದು ಅಪಾಯವಿದೆ. ಸುಳ್ಳಾಗಿ ಈ ಆರೋಪ ಹೊರಿಸಿದರೆ ಅದೇ ಕ್ರೌರ್ಯವಾಗುತ್ತದೆ. 2003ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿ ಹೇಳಿತು. ಹೆಂಡತಿಯ ಶೀಲದ ಮೇಲೆ ಗಂಡ ಕೋರ್ಟಿನ ಕಾಗದದಲ್ಲಿ ಹೊರಿಸಿದ ಆಧಾರವಿಲ್ಲದ ಆರೋಪವೇ ಆಕೆ ವಿಚ್ಛೇದನ ಪಡೆಯಲು ಸಾಕಾಯಿತು. ಬೇಗ ಆಗಲಿ ಎಂದು ಬರೆಸಿದ ಸಾಲು ಬರೆಸಿದವರ ಕಾಲಿಗೇ ಸುತ್ತಿಕೊಳ್ಳುತ್ತದೆ.

ಈಗ ಅದು ಅಪರಾಧವಲ್ಲ

ಇಲ್ಲಿ ಮಕ್ಕಳಿಗೂ ಹಿರಿಯರಿಗೂ ಒಂದು ಗೊಂದಲವಿದೆ. “ಹಾಗೆ ಮಾಡಿದರೆ ಪೊಲೀಸರು ಹಿಡಿದುಕೊಂಡು ಹೋಗುತ್ತಾರಾ ತಾತ?” ಎಂದು ಏಳನೇ ತರಗತಿಯ ಹುಡುಗನೊಬ್ಬ ಕೇಳಿದ. ಇಲ್ಲ ಮಗು. ಬ್ರಿಟಿಷರ ಕಾಲದ 1860ರ ದಂಡ ಸಂಹಿತೆಯ 497ನೇ ಸೆಕ್ಷನ್ ಪ್ರಕಾರ ಇದು 5 ವರ್ಷದವರೆಗೆ ಜೈಲುಶಿಕ್ಷೆಯ ಅಪರಾಧವಾಗಿತ್ತು. ಅದರಲ್ಲೂ ಬೇರೊಬ್ಬನ ಹೆಂಡತಿಯ ಜೊತೆ ಸಂಬಂಧವಿಟ್ಟುಕೊಂಡ ಗಂಡಸಿಗೆ ಮಾತ್ರ ಶಿಕ್ಷೆ. ಆಕೆಯ ಗಂಡ ಒಪ್ಪಿದ್ದರೆ ಅಪರಾಧವೇ ಅಲ್ಲ! ಹೆಂಡತಿ ಎಂದರೆ ಗಂಡನ ಸೊತ್ತು ಎಂಬಂತೆ ಆ ಕಾನೂನು ಇತ್ತು. 2018ರ ಸೆಪ್ಟೆಂಬರ್ 27ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಅದನ್ನು ರದ್ದು ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದಿರುವ ಭಾರತೀಯ ನ್ಯಾಯ ಸಂಹಿತೆಯಲ್ಲಿ ಆ ಸೆಕ್ಷನ್ ಇಲ್ಲ. ಜೈಲಿಗೆ ಕಾರಣವಲ್ಲ, ಆದರೆ ವಿಚ್ಛೇದನಕ್ಕೆ ಈಗಲೂ ಕಾರಣ. ಇಷ್ಟು ನೆನಪಿದ್ದರೆ ಸಾಕು.

ಜೀವನಾಂಶದ ವಿಷಯದಲ್ಲಿ ಮಾತ್ರ ಈ ಆರೋಪಕ್ಕೆ ತೂಕವಿದೆ. ಬೇರೊಬ್ಬರ ಜೊತೆ ಅಂಥ ಸಂಬಂಧದಲ್ಲಿಯೇ ಬಾಳುತ್ತಿರುವ ಹೆಂಡತಿಗೆ ಗಂಡನಿಂದ ಮಾಸಿಕ ಜೀವನಾಂಶ ಸಿಗುವುದಿಲ್ಲ ಎಂದು ಕಾನೂನು ಹೇಳುತ್ತದೆ. ಎಷ್ಟೋ ಮಂದಿ ಆ ಸಾಲು ಬರೆಸುವುದು ಇದೇ ಲೆಕ್ಕಾಚಾರದಿಂದ. ಆದರೆ ಅದನ್ನೂ ಸಾಬೀತು ಮಾಡಬೇಕು. ಮಕ್ಕಳ ಜೀವನಾಂಶಕ್ಕಂತೂ ಅದು ತಟ್ಟುವುದಿಲ್ಲ. ಅಮ್ಮನ ಮೇಲೆ ಏನೇ ಆರೋಪವಿರಲಿ, ಅಪ್ಪ ಮಕ್ಕಳ ಅನ್ನ, ಬಟ್ಟೆ, ಓದಿನ ಖರ್ಚು ಕೊಡಲೇಬೇಕು.

ಮಗು ಸಾಕ್ಷ್ಯದ ವಸ್ತುವಲ್ಲ

ಎಲ್ಲಕ್ಕಿಂತ ನೋವಿನ ವಿಷಯ ಇದು. ನಡತೆಯ ಆರೋಪ ಬಂದ ಕೂಡಲೇ ಕೆಲವರು ಮಗುವಿನ ಕಡೆ ಬೆರಳು ತೋರಿಸುತ್ತಾರೆ. “ಇದು ನನ್ನ ಮಗುವೇ ಅಲ್ಲ, ಡಿಎನ್‌ಎ ಪರೀಕ್ಷೆ ಮಾಡಿಸಿ” ಎನ್ನುತ್ತಾರೆ. 2023ರ ಫೆಬ್ರುವರಿ 20ರಂದು ಸುಪ್ರೀಂ ಕೋರ್ಟು ಇದಕ್ಕೆ ತಡೆ ಹಾಕಿತು. ಹೆಂಡತಿಯ ತಪ್ಪನ್ನು ತೋರಿಸುವ ಉಪಾಯವಾಗಿ ಮಗುವಿಗೆ ಡಿಎನ್‌ಎ ಪರೀಕ್ಷೆ ಮಾಡಿಸುವಂತಿಲ್ಲ, ತಂದೆ ತಾಯಿಯ ಜಗಳದ ನಡುವೆ ಮಗುವಿನ ಗುರುತನ್ನು, ಮಾನವನ್ನು ಪಣಕ್ಕಿಡುವಂತಿಲ್ಲ ಎಂಬುದು ಆ ತೀರ್ಪಿನ ಮುಖ್ಯ ಭಾಗ. ಆ ಪೀಠದಲ್ಲಿದ್ದ ಇಬ್ಬರಲ್ಲಿ ಒಬ್ಬರು ನಮ್ಮ ಕರ್ನಾಟಕದವರೇ ಆದ ನ್ಯಾಯಮೂರ್ತಿ ಬಿ.ವಿ. ನಾಗರತ್ನ.

ಹಿರಿಯರೇ, ಕೋರ್ಟು ತೋರಿಸುವ ಈ ಎಚ್ಚರವನ್ನು ನಾವು ಜಗಲಿಯ ಮೇಲೂ ತೋರಿಸಬೇಕು. ಕೋರ್ಟಿನಲ್ಲಿ ಇಂಥ ಮೊಕದ್ದಮೆಗಳ ವಿಚಾರಣೆಯನ್ನು ಬಾಗಿಲು ಮುಚ್ಚಿ ನಡೆಸುವ ಏರ್ಪಾಡಿದೆ. ವಿವರಗಳನ್ನು ಅಚ್ಚು ಹಾಕುವುದಕ್ಕೂ ನಿರ್ಬಂಧವಿದೆ. ಆದರೆ ಅರಳಿಕಟ್ಟೆಗೆ ಬಾಗಿಲೇ ಇಲ್ಲ. ಅರ್ಜಿಯಲ್ಲಿ ಬರೆಸಿದ ಒಂದು ಸಾಲು ಸಂತೆಗೆ ಹೋಗಿ, ಜಾತ್ರೆಗೆ ಹೋಗಿ, ಕೊನೆಗೆ ಶಾಲೆಯ ಅಂಗಳಕ್ಕೆ ಬರುತ್ತದೆ. ಮೊಕದ್ದಮೆ ಮುಗಿಯುತ್ತದೆ, ಆ ಮಾತು ಮುಗಿಯುವುದಿಲ್ಲ. ನಾಳೆ ಆ ಮಗು ದೊಡ್ಡದಾಗಿ ಕೋರ್ಟಿನ ದಾಖಲೆಯ ನಕಲು ಓದಿದರೆ, ತನ್ನ ಅಮ್ಮನ ಬಗ್ಗೆಯೋ ಅಪ್ಪನ ಬಗ್ಗೆಯೋ ಬರೆದದ್ದನ್ನು ತಾನೇ ಓದಬೇಕಾಗುತ್ತದೆ.

ಹತ್ತಿರದ ದಾರಿ ಯಾವುದು?

ಬೇರೆಯಾಗುವುದು ತಪ್ಪದು ಎಂದಾದರೆ ಇರುವ ಹತ್ತಿರದ ದಾರಿ ಪರಸ್ಪರ ಒಪ್ಪಿಗೆಯ ವಿಚ್ಛೇದನ. 1976ರ ತಿದ್ದುಪಡಿಯಲ್ಲಿ 13-ಬಿ ಎಂಬ ಸೆಕ್ಷನ್ ಆಗಿ ಇದು ಬಂತು. ಒಂದು ವರ್ಷದಿಂದ ಬೇರೆ ಬಾಳುತ್ತಿರುವ ದಂಪತಿ ಇಬ್ಬರೂ ಸೇರಿ ಅರ್ಜಿ ಹಾಕಬಹುದು. ಯಾರ ತಪ್ಪು ಎಂದು ಬರೆಯುವ ಅಗತ್ಯವೇ ಇಲ್ಲ. ಅರ್ಜಿ ಹಾಕಿ 6 ತಿಂಗಳಾದ ಮೇಲೆ, 18 ತಿಂಗಳೊಳಗೆ, ಇಬ್ಬರೂ ಮತ್ತೆ ಬಂದು “ನಮ್ಮ ಮನಸ್ಸು ಹಾಗೇ ಇದೆ” ಎಂದರೆ ಡಿಕ್ರಿಯಾಗುತ್ತದೆ. ನಡುವೆ ಒಬ್ಬರ ಮನಸ್ಸು ಬದಲಾದರೆ ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಬಹುದು. ಆ 6 ತಿಂಗಳು ಇಟ್ಟಿರುವುದೇ ಯೋಚಿಸಲು. ಬಹಳ ಕಾಲದಿಂದ ಬೇರೆಯಿದ್ದು, ರಾಜಿಯ ಪ್ರಯತ್ನವೆಲ್ಲ ಮುಗಿದು, ಮಕ್ಕಳ ವಿಷಯ, ಹಣದ ವಿಷಯ ಇತ್ಯರ್ಥವಾಗಿದ್ದರೆ ಕೋರ್ಟು ಆ ಅವಧಿಯನ್ನು ಮನ್ನಾ ಮಾಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟು ಹೇಳಿದೆ.

ಕೆಲವರ ಮೊಮ್ಮಕ್ಕಳು ಲಂಡನ್ನಿನಲ್ಲಿದ್ದಾರೆ. ಅಲ್ಲಿಯೂ ಬಹಳ ಕಾಲ ವ್ಯಭಿಚಾರವನ್ನೋ ಮತ್ತೊಂದನ್ನೋ ತೋರಿಸಿ ವಿಚ್ಛೇದನ ಪಡೆಯಬೇಕಿತ್ತು. 2022ರ ಏಪ್ರಿಲ್ 6ರಿಂದ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಯಾರ ಮೇಲೂ ತಪ್ಪು ಹೊರಿಸದೆಯೇ ಅರ್ಜಿ ಹಾಕಬಹುದು. ಕನಿಷ್ಠ 26 ವಾರ ಕಾಯಬೇಕು, ಅಷ್ಟೆ. ನಮ್ಮಲ್ಲಿ ಅಂಥ ಕಾಯ್ದೆ ಬಂದಿಲ್ಲ. ಮತ್ತೆ ಕೂಡಲಾರದಷ್ಟು ಮುರಿದುಬಿದ್ದ ಮದುವೆಯನ್ನು ಸಂವಿಧಾನದ 142ನೇ ವಿಧಿಯ ಅಧಿಕಾರದಿಂದ ತಾನು ಕೊನೆಗೊಳಿಸಬಹುದು ಎಂದು 2023ರ ಮೇ 1ರಂದು ಸುಪ್ರೀಂ ಕೋರ್ಟು ಹೇಳಿತು. ಆ ಅಧಿಕಾರ ಸುಪ್ರೀಂ ಕೋರ್ಟಿಗೆ ಮಾತ್ರ.

ಛಾಪಾ ಕಾಗದದ ಬಿಡುಗಡೆ

ಇನ್ನೊಂದು ಅಡ್ಡದಾರಿ ನಮ್ಮ ಕಡೆ ಬಹಳ ಬಳಕೆಯಲ್ಲಿದೆ. ಛಾಪಾ ಕಾಗದದ ಮೇಲೆ ‘ಬಿಡುಗಡೆ ಪತ್ರ’ ಬರೆಸಿ, ಪಂಚರ ಸಹಿ ಹಾಕಿಸಿ, ನೋಟರಿ ಮೊಹರು ಒತ್ತಿಸಿ, ಮುಗಿಯಿತು ಎನ್ನುತ್ತಾರೆ. ಅಂಥ ಕಾಗದ ಹಿಡಿದು ಜಂಟಿ ಖಾತೆಯಿಂದ ಹೆಸರು ತೆಗೆಸಲು ನಮ್ಮ ಕೌಂಟರಿಗೂ ಬರುತ್ತಿದ್ದರು.

ಆ ಸಮುದಾಯದಲ್ಲಿ ಅಂಥ ರೂಢಿ ನಿಜಕ್ಕೂ ಇದ್ದರೆ ಕಾಯ್ದೆ ಒಪ್ಪುತ್ತದೆ. ಆದರೆ ರೂಢಿ ಇದೆ ಎಂದು ಹೇಳಿದವರೇ ಅದನ್ನು ಸಾಬೀತು ಮಾಡಬೇಕು ಎಂದು ಕರ್ನಾಟಕದಿಂದ ಹೋದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟು 2002ರಲ್ಲಿ ಹೇಳಿದೆ. ಸಾಬೀತಾಗದಿದ್ದರೆ ಆ ಪತ್ರ ಬರೀ ಕಾಗದ. ಅದನ್ನು ನಂಬಿ ಇನ್ನೊಂದು ಮದುವೆಯಾದರೆ ಅದು ದ್ವಿಪತ್ನಿತ್ವದ ಅಪರಾಧವಾಗಿ 7 ವರ್ಷದವರೆಗೆ ಶಿಕ್ಷೆಯಾಗಬಹುದು. ಎರಡನೆಯ ಮದುವೆಗೆ ಬಂದ ಹೆಣ್ಣುಮಗಳ ಪಾಡು ಏನು, ಯೋಚಿಸಿ. ಕೋರ್ಟಿನ ಡಿಕ್ರಿ ಬಂದ ಮೇಲೂ ಮೇಲ್ಮನವಿಯ 90 ದಿನ ಕಳೆಯುವವರೆಗೆ ಮದುವೆಗೆ ಅವಸರ ಮಾಡಬಾರದು.

ಮಕ್ಕಳೇ, ನಿಮ್ಮ ಪ್ರಶ್ನೆಗಳಿಗೆ

“ನನ್ನ ಇನಿಷಿಯಲ್ ಬದಲಾಗುತ್ತಾ?” ಇಲ್ಲ. ಅಪ್ಪ ಅಮ್ಮ ಬೇರೆಯಾದರೆ ನಿಮ್ಮ ಹೆಸರು, ಇನಿಷಿಯಲ್ಲು, ಶಾಲೆಯ ದಾಖಲೆ ತಾವಾಗಿ ಬದಲಾಗುವುದಿಲ್ಲ. ಮುರಿಯುವುದು ಗಂಡ ಹೆಂಡಿರ ಸಂಬಂಧ. ನೀವು ಇಬ್ಬರಿಗೂ ಮಕ್ಕಳೇ. ಅಪ್ಪನ ಆಸ್ತಿಯಲ್ಲಿ ನಿಮಗಿರುವ ಹಕ್ಕು ವಿಚ್ಛೇದನದಿಂದ ಹೋಗುವುದಿಲ್ಲ.

“ನಾನು ಯಾರ ಹತ್ತಿರ ಇರಬೇಕು?” ನಿಮ್ಮ ಹಿತ ಎಲ್ಲಿದೆ ಎಂದು ನೋಡಿ ನ್ಯಾಯಾಧೀಶರು ತೀರ್ಮಾನಿಸುತ್ತಾರೆ. 5 ವರ್ಷದೊಳಗಿನ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರುತ್ತದೆ. ತಿಳಿವಳಿಕೆ ಬಂದ ಮಕ್ಕಳ ಇಷ್ಟವನ್ನು ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಕೂರಿಸಿಕೊಂಡು ಕೇಳುವುದೂ ಉಂಟು. ಆಗ ಯಾರೂ ಹೇಳಿಕೊಟ್ಟದ್ದನ್ನು ಒಪ್ಪಿಸಬೇಕಿಲ್ಲ. ನಿಮಗೆ ಅನ್ನಿಸಿದ್ದನ್ನು ಹೇಳಿ. ಒಬ್ಬರ ಬಳಿ ಇದ್ದರೂ ಇನ್ನೊಬ್ಬರನ್ನು ನೋಡುವ, ಮಾತಾಡುವ ಅವಕಾಶ ನಿಮಗಿರಬೇಕು.

“ನನ್ನಿಂದ ಹೀಗಾಯಿತಾ?” ಈ ಪ್ರಶ್ನೆಯನ್ನು ಯಾವ ಮಗುವೂ ಬಾಯಿ ಬಿಟ್ಟು ಕೇಳುವುದಿಲ್ಲ, ಆದರೆ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತದೆ. ಕಾಯ್ದೆಯ ಕಾರಣಗಳ ಪಟ್ಟಿಯನ್ನು ಮೇಲೆ ಕೊಟ್ಟಿದ್ದೇನೆ. ಎಷ್ಟು ಸಲ ಬೇಕಾದರೂ ಓದಿ ನೋಡಿ, ‘ಮಗು’ ಎಂಬ ಕಾರಣ ಅದರಲ್ಲಿಲ್ಲ.

ತಾತ ಅಜ್ಜಿಯರಿಗೆ ಹಳೆಯ ಗುಮಾಸ್ತನ ಕಿವಿಮಾತು

ಮೊಮ್ಮಗುವಿನ ಹೆಸರಿನಲ್ಲಿ ನೀವು ಇಟ್ಟ ಠೇವಣಿ ಮೊಮ್ಮಗುವಿನದೇ. ಪೋಷಕರಾಗಿ ಅಪ್ಪನೇ ಸಹಿ ಹಾಕಬೇಕೆಂದಿಲ್ಲ, ತಾಯಿಯೂ ಹಾಕಬಹುದು. ಲೇಖಕಿ ಗೀತಾ ಹರಿಹರನ್ ಮಗನ ಹೆಸರಿನಲ್ಲಿ ರಿಸರ್ವ್ ಬ್ಯಾಂಕಿನ ಬಾಂಡು ಕೊಳ್ಳಲು ತಾನೇ ಪೋಷಕಳಾಗಿ ಸಹಿ ಮಾಡಿ ಅರ್ಜಿ ಕೊಟ್ಟಾಗ ತಂದೆಯ ಸಹಿ ಕೇಳಿದರು. ಆಕೆ ಸುಪ್ರೀಂ ಕೋರ್ಟಿಗೆ ಹೋದರು. ತಂದೆ ಮಗುವಿನ ಹೊಣೆ ಹೊತ್ತಿಲ್ಲದಿರುವಾಗ, ಆತ ಬದುಕಿದ್ದರೂ ತಾಯಿಯೇ ಸಹಜ ಪೋಷಕಿಯಾಗಬಹುದು ಎಂದು 1999ರಲ್ಲಿ ತೀರ್ಪಾಯಿತು. ಅದಾದ ಮೇಲೆ ಎಷ್ಟೋ ತಾಯಂದಿರ ಸಹಿಯನ್ನು ನಾನೇ ಮಾದರಿ ಸಹಿಯ ಕಾರ್ಡಿನಲ್ಲಿ ಪಡೆದಿದ್ದೇನೆ.

ವಿಚ್ಛೇದನವಾದ ಮಾತ್ರಕ್ಕೆ ಬ್ಯಾಂಕಿನಲ್ಲಿ ನಾಮಿನಿ ತಾನಾಗಿ ಬದಲಾಗುವುದಿಲ್ಲ. ಅರ್ಜಿ ಕೊಟ್ಟು ಬದಲಾಯಿಸಬೇಕು. ಮದುವೆಯಲ್ಲಿ ಮಗಳಿಗೋ ಸೊಸೆಗೋ ಉಡುಗೊರೆಯಾಗಿ ಬಂದ ಒಡವೆ ಸ್ತ್ರೀಧನ, ಅದು ಅವಳದೇ. ಕಡಲೆಕಾಯಿ ಬಿತ್ತನೆಗೆಂದು ಅವಳ ಸರ ಅಡವಿಟ್ಟಿದ್ದರೆ ಮೊದಲು ಬಿಡಿಸಿಕೊಡಿ. 2020ರ ನವೆಂಬರಿನ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಜೀವನಾಂಶದ ಮೊಕದ್ದಮೆಯಲ್ಲಿ ಇಬ್ಬರೂ ಆದಾಯ, ಆಸ್ತಿ, ಸಾಲದ ವಿವರವನ್ನು ಪ್ರಮಾಣಪತ್ರದಲ್ಲಿ ಕೊಡಬೇಕು. ಪಾಸ್‌ಬುಕ್ಕು ಮುಚ್ಚಿಟ್ಟರೆ ಉಪಯೋಗವಿಲ್ಲ.

ತಂದೆ ತಾಯಿ ಇಬ್ಬರೂ ಇಲ್ಲವಾದ ಮಗುವನ್ನು ತಾತ ಅಜ್ಜಿ ಸಾಕಲಾರರು ಎಂದು ವಯಸ್ಸೊಂದನ್ನೇ ನೋಡಿ ತಳ್ಳಿಹಾಕುವಂತಿಲ್ಲ. ಕೋವಿಡ್‌ನಲ್ಲಿ ಹೆತ್ತವರನ್ನು ಕಳೆದುಕೊಂಡ ಬಾಲಕನೊಬ್ಬನನ್ನು 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟು ಅವನ ತಂದೆಯ ತಂದೆ ತಾಯಿಗೇ ಒಪ್ಪಿಸಿತು. ನಮಗೆ ಮಂಡಿ ನೋವಿರಬಹುದು, ಆದರೆ ನಮ್ಮ ಮಡಿಲಿಗೆ ಕಾನೂನಿನಲ್ಲಿಯೂ ಬೆಲೆ ಇದೆ.

ಎಲ್ಲಿಗೆ ಹೋಗಬೇಕು? ತುಮಕೂರಿನಲ್ಲಿ ಕುಟುಂಬ ನ್ಯಾಯಾಲಯವಿದೆ. ಕುಟುಂಬ ನ್ಯಾಯಾಲಯ ಇಲ್ಲದ ಕಡೆ ಹಿರಿಯ ಸಿವಿಲ್ ನ್ಯಾಯಾಧೀಶರು ಇಂಥ ಅರ್ಜಿಗಳನ್ನು ವಿಚಾರಿಸುತ್ತಾರೆ. ಹೆಂಡತಿ ಅರ್ಜಿದಾರಳಾದರೆ ತಾನಿರುವ ಊರಿನ ವ್ಯಾಪ್ತಿಯಲ್ಲಿಯೇ ಹಾಕಬಹುದು. ಹಿಂದೂಪುರಕ್ಕೆ ಕೊಟ್ಟ ಮಗಳು ಪಾವಗಡದ ತವರಿನಲ್ಲಿದ್ದರೆ ವಾಯಿದೆ ವಾಯಿದೆಗೂ ಗಡಿ ದಾಟಿ ಹೋಗಬೇಕಿಲ್ಲ. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ಹೆಂಗಸರಿಗೂ ಮಕ್ಕಳಿಗೂ, ಆದಾಯ ಎಷ್ಟೇ ಇರಲಿ, ವಕೀಲರ ನೆರವು ಉಚಿತ. ಸಹಾಯವಾಣಿ 15100. ಲೋಕ ಅದಾಲತ್ತಿನಲ್ಲಿ ದಂಪತಿ ಹಾರ ಬದಲಾಯಿಸಿಕೊಂಡು ಒಟ್ಟಿಗೆ ಮನೆಗೆ ಹೋದ ಸುದ್ದಿಗಳನ್ನು ನೀವೂ ಪತ್ರಿಕೆಗಳಲ್ಲಿ ಓದಿರುತ್ತೀರಿ. ಹಾಗೆ ಕೂಡುವುದು ಎಲ್ಲರಿಗೂ ಸಾಧ್ಯವಿಲ್ಲ, ಹೊಡೆತ ತಿನ್ನುತ್ತಿರುವವರನ್ನು ಕೂಡು ಎನ್ನುವುದು ಸರಿಯೂ ಅಲ್ಲ.

ಆದರೆ ಒಂದನ್ನು ಗಮನಿಸಿ. ಅರ್ಜಿಯಲ್ಲಿ ಕೆಟ್ಟ ಮಾತು ಬರೆಸದವರಿಗೆ ರಾಜಿಯ ಮೇಜಿನ ಎದುರು ಕುಳಿತು ಒಬ್ಬರ ಮುಖ ಒಬ್ಬರು ನೋಡಲು ಸಾಧ್ಯವಾಗುತ್ತದೆ. ಕೂಡಿ ಬಾಳದಿದ್ದರೂ, ಮಗುವಿನ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ, ಮುಂದೆ ಅದರ ಮದುವೆಯ ದಿನ ಇಬ್ಬರೂ ಬಂದು ನಿಲ್ಲಬೇಕಲ್ಲ. ಮುಂದಿನ ಸಲ ಯಾರಾದರೂ “ಒಂದು ಸಾಲು ಬರೆಸಿಬಿಡ್ರಿ” ಎಂದರೆ, ಆ ಸಾಲನ್ನು ಕೊನೆಗೆ ಓದುವವರು ಯಾರು ಎಂದು ಅವರನ್ನೇ ಕೇಳಿ.